ಕಡೆಯ ಪ್ಯಾರಾ ತಿದ್ದುವ ಕೆಲಸ

ನಾನು ಏನು ಕೆಲಸ ಮಾಡುತ್ತೇನೆಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಣ್ಣಿಗೇರಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಪ್ರೆಸ್ಸಿತ್ತು. ಮದುವೆ ಕಾರ್ಡು, ರಸೀದಿ ಪುಸ್ತಕ, ಚುನಾವಣೆಯ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿ ಉಳಿದ ಹೊತ್ತಿನಲ್ಲಿ ಅಲ್ಲಿಂದ ಒಂದು ವಿಜ್ಞಾನ ಮಾಸಿಕ ಹೊರಡುತ್ತಿತ್ತು. ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಶಾಲೆಗಳಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಅದರಲ್ಲಿ ಕಥೆಯ ಪುಟಗಳು ನನ್ನವು. ಮುಂದೆ ಬರುವ ಕಾಲದ ಕಥೆಗಳು, ಬೇರೆ ಗ್ರಹಗಳ ಕಥೆಗಳು, ಯಂತ್ರಗಳು ಮಾತಾಡುವ ಕಥೆಗಳು. ಓದುಗರು ಬರೆದು ಕಳಿಸಿದ್ದನ್ನು ಆರಿಸಿ, ತಿದ್ದಿ, ಅಚ್ಚಿಗೆ ಕೊಡುವುದು ನನ್ನ ಕೆಲಸ. ಓಣಿಯವರು ನಾನು ಕಾಗದ ಮಡಚುತ್ತೇನೆ ಎಂದುಕೊಂಡಿದ್ದರು. ಅದೂ ಪೂರ್ತಿ ಸುಳ್ಳಲ್ಲ, ಅಂಚೆಗೆ ಹಾಕುವ ದಿನ ಅದನ್ನೂ ಮಾಡುತ್ತಿದ್ದೆ.

ಈಗ ಮಕ್ಕಳಿಗಾಗಿ ವಿಜ್ಞಾನ ಕಥೆ ಬರೆಸುವ, ತಿದ್ದುವ ಕೆಲಸಕ್ಕೆ ಓದಿದ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅವರಲ್ಲಿ ಒಂದಿಬ್ಬರು ನನ್ನನ್ನು ಹುಡುಕಿಕೊಂಡು ಬಂದು ಒಂದೇ ಪ್ರಶ್ನೆ ಕೇಳಿದರು: ಕಥೆ ಭರವಸೆಯಲ್ಲಿ ಮುಗಿಯಬೇಕೋ, ಎಚ್ಚರಿಕೆಯಲ್ಲಿ ಮುಗಿಯಬೇಕೋ? ಅವರಿಗೆ ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಮೂವತ್ತು ವರ್ಷ ಮಾಡಿದ ಕೆಲಸದ ಬಗ್ಗೆ ಒಂದು ಮಾತು ಹೇಳಲಾಗದಿದ್ದರೆ ಅದು ಎಂಥ ಕೆಲಸ ಎಂದು ಆಮೇಲೆ ಅನ್ನಿಸಿತು. ನನಗೆ ತಿಳಿದದ್ದು ನಡೆದದ್ದಷ್ಟೇ. ಅದನ್ನೇ ಬರೆಯುತ್ತೇನೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಹೊಸಮನಿ ಸರ್. ನಿವೃತ್ತ ವಿಜ್ಞಾನ ಮಾಸ್ತರರು, ಪ್ರೆಸ್ಸಿನ ಮಾಲೀಕರು, ಮಾಸಿಕದ ಸಂಪಾದಕರು, ಎಲ್ಲ ಅವರೇ. ನಮ್ಮಪ್ಪ ಅವರ ಶಾಲೆಯಲ್ಲಿ ಜವಾನನಾಗಿದ್ದ. ಮನೆಯ ಗೋಡೆಗೆ ಬುದ್ಧನ ಫೋಟೋ ಹಾಕಿ, ಓದಿದರೆ ಮಾತ್ರ ಮುಂದಿನ ಕಾಲ ನಮ್ಮದು ಎಂದು ದಿನಾ ಹೇಳುತ್ತಿದ್ದ ಮನುಷ್ಯ. ನಾನು ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿ ಕೂತಾಗ ಸರ್ ಅವರೇ ಕರೆದು ಒಂದು ಟೇಬಲ್ಲು, ಒಂದು ಕೆಂಪು ಪೆನ್ಸಿಲ್ಲು ಕೊಟ್ಟರು. ಅವರದು ಒಂದೇ ನಿಯಮ.

“ನೀಲವ್ವಾ, ಕಥಿ ಓದಿದ ಹುಡುಗ ಪುಸ್ತಕ ಮುಚ್ಚಿ ಮ್ಯಾಲ ನೋಡಬೇಕು. ನೆಲ ನೋಡಿದ್ನಂದ್ರ ಆ ಕಥಿ ನಮಗ ಬ್ಯಾಡ.”

ಆಗ ಬರುತ್ತಿದ್ದ ಕಥೆಗಳೂ ಹಾಗೆಯೇ ಇದ್ದವು. ನವಲಗುಂದದ ಕಡೆಯಿಂದ ಬಂದರೆ ಮೋಡವನ್ನು ಹಗ್ಗ ಹಾಕಿ ಎಳೆದು ತರುವ ಯಂತ್ರ ಇರುತ್ತಿತ್ತು. ತಿರ್ಲಾಪುರದಿಂದ ಬಂದರೆ ತಾನೇ ಬಿಡಿಸಿಕೊಂಡು ಗಾಡಿ ಏರುವ ಹತ್ತಿ. ಕುಂದಗೋಳದ ಒಬ್ಬ ಮಾಸ್ತರರು ಚಂದ್ರನಿಗೆ ಹೋಗುವ ಬಸ್ಸಿನ ಕಥೆ ಬರೆದಿದ್ದರು. ಅದರಲ್ಲಿ ಜನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಿದ್ದರು. ಅದನ್ನು ಓದಿ ನಾನೂ ಸರ್ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಲೋಕವೆಲ್ಲ ಬದಲಾಗುತ್ತದೆ, ನಮ್ಮ ಜನ ಹೀಗೇ ಇರುತ್ತಾರೆ, ಅದೂ ಒಂದು ಧೈರ್ಯವೇ ಎಂದು ಸರ್ ಹೇಳಿದರು.

ಮೊದಲ ವರ್ಷ ಮಾಡಿದ ತಪ್ಪು ಈಗ ನೆನೆದರೆ ನಗು ಬರುತ್ತದೆ. ಒಂದು ಕಥೆಯಲ್ಲಿ ‘ನಾವು ಶುಕ್ರಕ್ಕೆ ಹೊರಟೆವು’ ಎಂದಿತ್ತು. ಬರೆದವರು ಅವಸರದಲ್ಲಿ ಅಕ್ಷರ ಬಿಟ್ಟಿದ್ದಾರೆ ಎಂದುಕೊಂಡು ನಾನು ಇಡೀ ಕಥೆಯಲ್ಲಿ ‘ಶುಕ್ರವಾರಕ್ಕೆ’ ಎಂದು ತಿದ್ದಿದೆ. ಆಗ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಜೋಡಿಸಿದ್ದನ್ನು ಬಿಚ್ಚುವುದು ಸುಲಭವಲ್ಲ, ಅದು ಗ್ರಹದ ಹೆಸರೆಂದು ಗೊತ್ತಾಗುವಷ್ಟರಲ್ಲಿ ಪ್ರತಿಗಳು ಹೋಗಿದ್ದವು. ಒಂದು ಮಗು ಕಾರ್ಡು ಬರೆದು, ಶುಕ್ರವಾರ ಹೊರಟವರು ಯಾವ ವಾರ ಮುಟ್ಟಿದರು ಎಂದು ಕೇಳಿತು. ಸರ್ ಬೈಯಲಿಲ್ಲ. ನಿನಗೆ ತಿಳಿಯದ ಮಾತು ಕಂಡರೆ ಬರೆದವರನ್ನು ಕೇಳು, ಪೆನ್ಸಿಲ್ಲನ್ನು ಕೇಳಬೇಡ ಎಂದಷ್ಟೇ ಹೇಳಿದರು. ಆ ಮಾತನ್ನು ನಾನು ಅಕ್ಷರಗಳಿಗೆ ಮಾತ್ರ ಅನ್ವಯಿಸಿಕೊಂಡೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ನನಗೆ ಈ ಸಿಹಿ ಕಥೆಗಳು ಸಾಕಾಗಿದ್ದವು. ಮೋಡ ಎಳೆಯುವ ಯಂತ್ರ ಕಥೆಯಲ್ಲಿ ಬಂದು ಬಂದು ಹಳೆಯದಾಗಿತ್ತು, ಹೊರಗೆ ಮಾತ್ರ ಬಂದಿರಲಿಲ್ಲ. ಹುಬ್ಬಳ್ಳಿಯ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದಾಗ ಬೇರೆ ಥರದ ವಿಜ್ಞಾನ ಕಥೆಗಳು ಸಿಕ್ಕವು. ಅವುಗಳಲ್ಲಿ ಊರುಗಳು ಹಾಳಾಗುತ್ತಿದ್ದವು, ಮನುಷ್ಯರು ಯಂತ್ರಗಳಿಗೆ ಆಳಾಗುತ್ತಿದ್ದರು. ಓದಿ ಮುಗಿಸಿದರೆ ಅನ್ನ ಸೇರುತ್ತಿರಲಿಲ್ಲ. ಇದೇ ದೊಡ್ಡವರ ಸಾಹಿತ್ಯ, ನಾವು ಮಾಡುತ್ತಿರುವುದು ಪೆಪ್ಪರಮೆಂಟು ಹಂಚುವ ಕೆಲಸ ಅನ್ನಿಸಿತು. ಅಷ್ಟರಲ್ಲಿ ಸರ್ ಅವರ ಕಣ್ಣು ಮಂಜಾಗಿ, ಕಥೆಯ ಪುಟಗಳನ್ನು ಪೂರ್ತಿ ನನಗೇ ಬಿಟ್ಟಿದ್ದರು.

ನಾನೇ ಒಂದು ಕಥೆ ಬರೆದೆ, ಬೇರೆ ಹೆಸರಿನಲ್ಲಿ. ಮುಂದೆ ಬರುವ ಒಂದು ಸರಕಾರ ಹುಟ್ಟಿದ ಕೂಸುಗಳಿಗೆಲ್ಲ ಸೂಜಿ ಹಾಕಿಸುತ್ತದೆ. ರೋಗ ಬಾರದಿರಲಿ ಎಂದು ಹೇಳುತ್ತದೆ. ನಿಜವಾಗಿ ಆ ಸೂಜಿಯಿಂದ ಚರ್ಮದ ಕೆಳಗೆ ಸಾಸಿವೆಯಷ್ಟು ಒಂದು ಕಾಳು ಸೇರುತ್ತದೆ. ಕೂಸು ದೊಡ್ಡದಾದ ಮೇಲೆ ಆ ಕಾಳು ಹೇಳಿದಂತೆ ಕೇಳುತ್ತದೆ. ಕಡೆಗೆ ಒಬ್ಬ ತಾಯಿ ತನ್ನ ಮಗನನ್ನು ಗುರುತು ಹಿಡಿಯಲಾರದೆ ಬಾಗಿಲು ಹಾಕಿಕೊಳ್ಳುತ್ತಾಳೆ. ಚೆನ್ನಾಗಿಯೇ ಬರೆದಿದ್ದೆ. ಆ ಬಾಗಿಲು ಹಾಕುವ ಸಾಲು ಬರೆದಾಗ ನನಗೇ ಮೈ ಜುಮ್ಮೆಂದಿತ್ತು. ಸರ್ ಓದಿಸಿಕೊಂಡು ಕೇಳಿ, ನೀನು ಬಲ್ಲವಳು, ಹಾಕು ಎಂದರು.

ಮೂರು ತಿಂಗಳ ಮೇಲೆ ಒಬ್ಬ ನರ್ಸ್ ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದಳು. ಹೆಸರು ರೇಣುಕಾ. ನವಲಗುಂದ ತಾಲೂಕಿನ ಹಳ್ಳಿಗಳನ್ನು ಸುತ್ತಿ ಮಕ್ಕಳಿಗೆ ಲಸಿಕೆ ಹಾಕುವವಳು. ಕೈಯಲ್ಲಿ ನಮ್ಮ ಮಾಸಿಕ, ಮುಖದಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಒಂದು ಹಳ್ಳಿಯ ಶಾಲೆಯಲ್ಲಿ ಆ ಕಥೆಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿಸಿದ್ದರಂತೆ. ಮಕ್ಕಳು ಮನೆಗೆ ಹೋಗಿ ಹೇಳಿದರು. ಮನೆಯಿಂದ ಮನೆಗೆ ಹೋಗುವಾಗ ಅದು ಕಥೆ ಎನ್ನುವ ಮಾತು ಉದುರಿಹೋಯಿತು. ಸೂಜಿಯೊಳಗೆ ಕಾಳು ಇರುತ್ತದೆ ಎಂಬುದು ಮಾತ್ರ ಉಳಿಯಿತು. ಅವಳು ಹೋದಾಗ ಆರು ಮನೆಗಳ ತಾಯಂದಿರು ಕೂಸುಗಳನ್ನು ಹೊಲಕ್ಕೆ ಒಯ್ದುಬಿಟ್ಟಿದ್ದರು. ಆ ಚಳಿಗಾಲದಲ್ಲಿ ಗೊಬ್ಬರ ಎದ್ದಿತು. ನಮ್ಮ ಕಡೆ ದಡಾರಕ್ಕೆ ಗೊಬ್ಬರ ಅನ್ನುತ್ತಾರೆ. ಎರಡು ವರ್ಷದ ಒಂದು ಹೆಣ್ಣುಮಗು ಉಳಿಯಿತು, ಕಣ್ಣು ಉಳಿಯಲಿಲ್ಲ.

“ಯಾರ್ರಿ ಬರದವ್ರು ಇದನ್ನ?” ಎಂದು ರೇಣುಕಾ ಕೇಳಿದಳು. “ಅವ್ರನ್ನ ಒಂದಿನಾ ನನ್ನ ಕೂಡ ಕಳಸ್ರಿ. ಆ ಕೂಸಿನ ಮುಂದ ಕುಂದ್ರಸ್ತೀನಿ.”

ಬರೆದವರು ದೂರದವರು, ವಿಳಾಸ ಸಿಗುವುದಿಲ್ಲ ಎಂದೆ. ಆ ಸುಳ್ಳು ನನ್ನ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಅವಳು ನನಗೇ ಸಮಾಧಾನ ಹೇಳುವಂತೆ ನಿಮ್ಮದೇನು ತಪ್ಪಿಲ್ಲ ಬಿಡಿ ಎಂದಳು. ಮರುದಿನ ನಾನೇ ಅವಳ ಜೊತೆ ಆ ಹಳ್ಳಿಗೆ ಹೋದೆ. ತಾಯಿಯ ಹೆಸರು ಲಕ್ಷ್ಮವ್ವ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಜೋಳದ ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು. ತುತ್ತು ಬಾಯಿಗೆ ತಾಗಿದ ಮೇಲೆಯೇ ಮಗು ಬಾಯಿ ತೆರೆಯುತ್ತಿತ್ತು. ಪುಸ್ತಕದಾಗ ಬಂದಿತ್ತರಿ ಬಾಯಾರ, ಪುಸ್ತಕದಾಗ ಸುಳ್ಳ ಬರೀತಾರೇನು ಅಂತ ನಾ ತಿಳಕೊಂಡಿದ್ದೆ, ಎಂದಳು ಲಕ್ಷ್ಮವ್ವ. ಸಿಟ್ಟಿನಿಂದಲ್ಲ. ತಾನು ಯಾಕೆ ಹಾಗೆ ಮಾಡಿದೆ ಎಂದು ನನಗೆ ತಿಳಿಸಿ ಹೇಳಬೇಕೆನ್ನುವಂತೆ. ಅದು ನಾನೇ ಬರೆದದ್ದು ಎಂದು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಸರ್ ಅವರಿಗೆ ಮಾತ್ರ ಎಲ್ಲ ಹೇಳಿದೆ. ಅವರು ತಾವೇ ಆ ಕಥೆ ಹಾಕಲು ಒಪ್ಪಿದವರು ಎಂದು ತಪ್ಪನ್ನು ಅರ್ಧ ತಮ್ಮ ಮೇಲೆ ಎಳೆದುಕೊಂಡರು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಲಸಿಕೆಯ ಬಗ್ಗೆ ತಾವೇ ಹೇಳಿ ಬರೆಸಿದರು. ರೇಣುಕಾ ಅದನ್ನು ಮನೆಮನೆಗೆ ಹಂಚಿದಳು. ಎಷ್ಟು ಮಂದಿ ನಂಬಿದರೋ. ಹೆದರಿಕೆ ಒಂದು ವಾರದಲ್ಲಿ ಊರು ಸುತ್ತಿತ್ತು, ಅದನ್ನು ಹಿಂದೆ ಕರೆಯಲು ರೇಣುಕಾಳಿಗೆ ಎರಡು ವರ್ಷ ಬೇಕಾಯಿತು. ಮರುವರ್ಷವೇ ಸರ್ ತೀರಿಕೊಂಡರು. ಅವರ ಅಳಿಯ ಪ್ರೆಸ್ಸು ನೋಡಿಕೊಳ್ಳತೊಡಗಿದ. ಮಾಸಿಕದ ಬಗ್ಗೆ ಅವನಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ.

ಆ ಮಗುವನ್ನು ನೋಡಿ ಬಂದ ದಿನ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಇನ್ನು ನನ್ನ ಕೈಯಿಂದ ಕತ್ತಲಲ್ಲಿ ಮುಗಿಯುವ ಕಥೆ ಹೊರಗೆ ಹೋಗುವುದಿಲ್ಲ. ಕಥೆ ಎಷ್ಟೇ ಚೆನ್ನಾಗಿರಲಿ, ಕಡೆಯ ಪ್ಯಾರಾ ಕಹಿಯಾಗಿದ್ದರೆ ತಿದ್ದುತ್ತಿದ್ದೆ. ಬತ್ತಿದ ಕೆರೆಗೆ ನೀರು ಬರಿಸಿದೆ. ಸತ್ತ ಗಗನಯಾತ್ರಿಯನ್ನು ಎಬ್ಬಿಸಿದೆ. ಭೂಮಿ ಬಿಟ್ಟು ಹೋದವರನ್ನು ತಿರುಗಿ ಕರೆತಂದೆ. ಬರೆದವರನ್ನು ಕೇಳುತ್ತಿರಲಿಲ್ಲ. ಕೇಳಿದರೆ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ತಮ್ಮ ಹೆಸರು ಅಚ್ಚಾದ ಸಂತೋಷದಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಈ ಕೆಲಸದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ, ಯಾವ ಕಥೆಯನ್ನಾದರೂ ಆರು ಸಾಲಿನಲ್ಲಿ ಬೆಳಕಿಗೆ ತರಬಲ್ಲೆ ಎಂದು ಹೆಮ್ಮೆಪಡುತ್ತಿದ್ದೆ.

ಸುಶೀಲಾಳ ಮೊದಲ ಕಥೆ ಬಂದದ್ದು ಆ ವರ್ಷಗಳಲ್ಲಿ. ಕಲಘಟಗಿಯವಳು. ಗಂಡ ಈರಣ್ಣ ಮರದ ತೊಟ್ಟಿಲು ಕಟ್ಟುತ್ತಿದ್ದ, ಅವಳು ಅದಕ್ಕೆ ಬಣ್ಣ ಹಾಕಿ ಚಿತ್ರ ಬರೆಯುತ್ತಿದ್ದಳು. ಕಲಘಟಗಿಯ ತೊಟ್ಟಿಲು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ. ಅವಳ ಹಾಳೆಗಳ ಅಂಚಿನಲ್ಲಿ ಹಳದಿ, ಕೆಂಪು ಬೆರಳಚ್ಚು ಇರುತ್ತಿದ್ದವು. ಏಳನೆಯ ಇಯತ್ತೆಯವರೆಗೆ ಓದಿದವಳು, ಕಾಗುಣಿತ ತಪ್ಪುತ್ತಿತ್ತು. ಆದರೆ ನಾನು ನೋಡಿದ ಬರಹಗಾರರಲ್ಲಿ ಅವಳಷ್ಟು ಕಣ್ಣಿಗೆ ಕಟ್ಟುವಂತೆ ಬರೆಯುವವರು ಇನ್ನೊಬ್ಬರಿರಲಿಲ್ಲ. ಬೇರೆ ಗ್ರಹದ ಮಣ್ಣಿನ ಬಣ್ಣ ಹೇಳಬೇಕಾದರೆ ಅದು ತೊಟ್ಟಿಲಿಗೆ ಹಚ್ಚುವ ಅರಗು ಕಾಸುವಾಗ ಯಾವ ಹೊತ್ತಿನ ಬಣ್ಣ ಎಂದು ಹೇಳುತ್ತಿದ್ದಳು. ಎರಡು ಕಥೆ ಹಾಕಿದೆ. ಕಾಗದದಲ್ಲೇ ಪರಿಚಯ ಬೆಳೆಯಿತು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ ಎಂದು ಒಮ್ಮೆ ಒಂದೇ ಸಾಲಿನಲ್ಲಿ ಬರೆದಿದ್ದಳು. ಮುಂದಿನ ಸಾಲಿನಲ್ಲಿ ಮಂಗಳ ಗ್ರಹದಲ್ಲಿ ಗಾಳಿ ಬೀಸುತ್ತದೋ ಇಲ್ಲವೋ ಎಂದು ಕೇಳಿದ್ದಳು.

ಮೂರನೆಯ ಕಥೆಯೇ ತೊಟ್ಟಿಲಿನದು. ಮುಂದೊಂದು ಕಾಲ. ಭೂಮಿಯ ಮೇಲೆ ಕೂಸು ಹುಟ್ಟುವುದು ಕಡಿಮೆಯಾಗುತ್ತ ಬಂದಿದೆ. ಯಾಕೆಂದು ಯಾರಿಗೂ ತಿಳಿಯದು. ತಾಲೂಕಿಗೆ ಒಂದು ಕೂಸು, ಆಮೇಲೆ ಜಿಲ್ಲೆಗೆ ಒಂದು. ತೊಟ್ಟಿಲು ಮಾಡುವವರು ಬೇರೆ ಕೆಲಸ ಹಿಡಿದಿದ್ದಾರೆ. ಒಬ್ಬ ಹೆಂಗಸು ಮಾತ್ರ ಒಂದು ತೊಟ್ಟಿಲಿಗೆ ಬಣ್ಣ ಹಾಕುತ್ತಲೇ ಇದ್ದಾಳೆ. ಬಂದವರೆಲ್ಲ ಯಾರಿಗೆ ಇದು ಎಂದು ಕೇಳುತ್ತಾರೆ. ಅವಳು ಬಣ್ಣ ಇನ್ನೂ ಒಣಗಿಲ್ಲ ಎನ್ನುತ್ತಾಳೆ. ಔಷಧ ಸಿಗುವುದಿಲ್ಲ, ವಿಜ್ಞಾನಿಗಳು ಸೋತು ಮನೆಗೆ ಹೋಗುತ್ತಾರೆ. ಕಡೆಗೆ ಬಣ್ಣ ಒಣಗುತ್ತದೆ. ಅವಳು ತೊಟ್ಟಿಲನ್ನು ಅಡುಗೆಮನೆಗೆ ಎಳೆದು ತಂದು ಅದರಲ್ಲಿ ಜೋಳ ತುಂಬಿಡುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

ಎರಡು ಸಲ ಓದಿದೆ. ನನಗೆ ಇಬ್ಬರು ಮಕ್ಕಳು. ಈ ಹೆಣ್ಣುಮಗಳು ತನ್ನ ದುಃಖವನ್ನೆಲ್ಲ ಇದರಲ್ಲಿ ಸುರಿದಿದ್ದಾಳೆ, ಇದನ್ನು ಹೀಗೇ ಹಾಕಿದರೆ ಅವಳಂಥ ಎಷ್ಟು ಹೆಂಗಸರು ನೆಲ ನೋಡುತ್ತಾರೋ ಎಂದುಕೊಂಡೆ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ತಿಳಿದು ಕಡೆಯ ಪ್ಯಾರಾ ಹೊಡೆದು ಹಾಕಿದೆ. ಕಲಘಟಗಿಯ ಅಡವಿಯಲ್ಲಿ ಒಬ್ಬ ಮುದಿ ವಿಜ್ಞಾನಿಗೆ ಒಂದು ಬೇರು ಸಿಗುತ್ತದೆ. ಅದನ್ನು ಅರೆದು ಮೂರು ತಿಂಗಳು ಕುಡಿದ ಹೆಂಗಸಿಗೆ ಕೂಸು ಹುಟ್ಟುತ್ತದೆ. ಬಣ್ಣ ಒಣಗುವ ಮೊದಲೇ ತೊಟ್ಟಿಲು ತೂಗುತ್ತದೆ. ಆರು ಸಾಲು. ಆ ಬೇರಿನ ಎಲೆ ಎಂಥದು, ವಾಸನೆ ಎಂಥದು ಎಂದು ಕೂಡ ಬರೆದೆ, ನಿಜವೆನ್ನಿಸಲಿ ಎಂದು.

ಅಷ್ಟು ಮೆಚ್ಚುಗೆಯ ಕಾಗದಗಳು ನಮ್ಮ ಮಾಸಿಕಕ್ಕೆ ಯಾವ ಕಥೆಗೂ ಬಂದಿರಲಿಲ್ಲ. ಸುಶೀಲಾಳಿಂದ ಬಂದದ್ದು ಒಂದು ಕಾರ್ಡು. ಅದರಲ್ಲಿ ಒಂದೇ ಸಾಲು: ‘ಅಕ್ಕಾರ, ಈ ಹೆಣ್ಣಮಗಳು ನನ್ನಾಕಿ ಅಲ್ಲ.’ ಮುನಿಸಿಕೊಂಡಿದ್ದಾಳೆ, ಮುಂದಿನ ಕಥೆ ಕಳಿಸುವ ಹೊತ್ತಿಗೆ ಸರಿಹೋಗುತ್ತಾಳೆ ಎಂದು ಆ ಕಾರ್ಡನ್ನು ಕಡತಕ್ಕೆ ಸೇರಿಸಿದೆ. ಮುಂದಿನ ಕಥೆ ಬರಲಿಲ್ಲ. ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ವರ್ಷ ತುಂಬುತ್ತ ಬಂದಾಗ ಹುಬ್ಬಳ್ಳಿಗೆ ಹೋಗಿ ಕಲಘಟಗಿಯ ಬಸ್ಸು ಹತ್ತಿದೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಈರಣ್ಣ ತೊಟ್ಟಿಲಿನ ಹಲಗೆಗೆ ಬಣ್ಣ ಹಚ್ಚುತ್ತ ಕೂತಿದ್ದ. ಚಿತ್ರ ಬರೆಯುವ ಕೆಲಸ ಅವನದಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು. ನವಿಲು ಕೋಳಿಯಂತೆ ಕಾಣುತ್ತಿತ್ತು. ಸುಶೀಲಾ ಬಾಗಿಲಲ್ಲಿ ಬಂದು ನಿಂತಳು. ತೆಳ್ಳನೆಯ ಹೆಂಗಸು, ನನಗಿಂತ ಚಿಕ್ಕವಳು. ನೀರು ತಂದು ಕೊಟ್ಟಳು. ತಂಬಿಗೆ ನನ್ನ ಕೈಗೆ ಬರುವಷ್ಟರಲ್ಲಿ ಅರ್ಧ ನೀರು ನೆಲದ ಮೇಲಿತ್ತು. ಎರಡೂ ಕೈ ನಡುಗುತ್ತಿದ್ದವು.

ನಡೆದದ್ದನ್ನು ಅವಳು ನಿಧಾನವಾಗಿ ಹೇಳಿದಳು. ಬಾಜು ಮನೆಯ ಹುಡುಗಿಯೊಬ್ಬಳು ಆ ಕಥೆಯನ್ನು ಸುಶೀಲಾಳ ಅತ್ತೆಗೆ ಓದಿ ಹೇಳಿದ್ದಳು. ಅತ್ತೆ ಕೆಟ್ಟವಳಲ್ಲ, ಮೊಮ್ಮಗುವಿಗಾಗಿ ಕಾದು ಕಾದು ಸೋತವಳು. ಬೇರಿನ ಸುದ್ದಿ ಕೇಳಿ ಎದ್ದು ಕೂತಳು. ಈರಣ್ಣ ಊರೂರು ಕೇಳಿಕೊಂಡು ಹೋದ. ಆ ಬೇರು ತನಗೆ ಗೊತ್ತು ಎನ್ನುವ ಒಬ್ಬ ಪುಡಿ ಮಾರುವವನು ಸಿಕ್ಕ. ಅಂಥವರು ಸಿಕ್ಕೇ ಸಿಗುತ್ತಾರೆ.

ನೀನು ಯಾಕೆ ಕುಡಿದೆ, ಅದು ಸುಳ್ಳೆಂದು ನಿನಗೆ ಗೊತ್ತಿತ್ತಲ್ಲ ಎಂದು ಕೇಳಿದೆ.

“ಗೊತ್ತಿತ್ರಿ. ನಾ ಬರದದ್ದಲ್ಲ, ಅಕ್ಕಾರು ಬರದದ್ದು ಅಂತ ಹೇಳಿದ್ನಿ. ಮ್ಯಾಲ ನಿನ್ನ ಹೆಸರ ಐತೆಲ್ಲಾ ಅಂದ್ರು. ಮಂದಿಗೆಲ್ಲಾ ಔಷಧ ಹೇಳಾಕಿ, ನೀ ಯಾಕ ಕುಡಿಯಂಗಿಲ್ಲಾ ಅಂದ್ರು. ಏನ ಹೇಳ್ಲಿರಿ ನಾನು?”

ಮೂರು ತಿಂಗಳು ಕುಡಿದಳು. ನಾನು ಬರೆದಷ್ಟೇ ತಿಂಗಳು. ಮೊದಲು ಬಾಯಿ ಹುಣ್ಣಾಯಿತು, ಆಮೇಲೆ ಕೈ ನಡುಕ ಬಂತು. ಹುಬ್ಬಳ್ಳಿಯ ಡಾಕ್ಟರರು ಪುಡಿಯಲ್ಲಿ ಪಾದರಸ ಇತ್ತು ಎಂದರು. ಜೀವಕ್ಕೆ ಅಪಾಯವಿಲ್ಲ, ನಡುಕ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದರಂತೆ. ಕುಂಚ ಬಿಟ್ಟು ಆರು ತಿಂಗಳಾಗಿತ್ತು. ಈಗ ಬಣ್ಣ ಕಲಸಿ ಕೊಡುತ್ತಾಳೆ, ಗೆರೆ ಎಳೆಯಲಾರಳು.

ನಾನು ಏನೇನೋ ಹೇಳಿದೆ. ಲಕ್ಷ್ಮವ್ವನ ಮಗುವಿನ ಕಥೆಯನ್ನೂ ಹೇಳಿದೆ. ಜನ ಹೆದರಬಾರದೆಂದು, ಜನಕ್ಕೆ ಧೈರ್ಯ ಸಿಗಲೆಂದು ಹಾಗೆ ಮಾಡಿದೆ, ನಿನ್ನ ಕಥೆಯ ಕೊನೆ ಬಹಳ ಕಹಿಯಾಗಿತ್ತು ಎಂದೆ. ಅವಳು ನನ್ನನ್ನು ನೋಡುತ್ತ ಕೂತಳು. ತಿಳಿಯದ ಭಾಷೆಯಲ್ಲಿ ಮಾತಾಡುವವರನ್ನು ನೋಡುವ ಹಾಗೆ.

“ಕಹಿ ಎಲ್ಲಿತ್ರಿ ಅಕ್ಕಾರ? ಅಕಿ ತೊಟ್ಟಿಲದಾಗ ಜ್ವಾಳಾ ತುಂಬಿದ್ಲು. ನಾಳಿಗೆ ರೊಟ್ಟಿ ಮಾಡಾಕ. ಕೂಸ ಇಲ್ಲದನೂ ಅಕಿ ಬದುಕ್ತಿದ್ಲು. ಅದನ್ನ ಬರಿಯಾಕ ನನಗ ಹನ್ನೊಂದ ವರ್ಷ ಹತ್ತಿತ್ತು.”

ನಾನು ವಿಜ್ಞಾನ ಕಥೆಗಳನ್ನು ಓದಿದ್ದೇ ಓದಿದ್ದು. ಯಾವುದು ಆಶೆ, ಯಾವುದು ನಿರಾಶೆ ಎಂದು ಒಂದು ಪುಟ ನೋಡಿ ಹೇಳಬಲ್ಲೆ ಎಂದುಕೊಂಡಿದ್ದವಳು. ನಮ್ಮ ಕಚೇರಿಗೆ ಬಂದ ನಿಜವಾದ ಭರವಸೆಯ ಕಥೆ ಅದೊಂದೇ ಇತ್ತು. ಅದನ್ನು ಹೊಡೆದು ಹಾಕಿ ಅದರ ಜಾಗದಲ್ಲಿ ವಿಷ ಬರೆದಿದ್ದೆ.

ಮೂಲ ಕಥೆಯನ್ನು ಹಾಗೇ ಅಚ್ಚು ಹಾಕಿ, ತಪ್ಪಾಯಿತೆಂದು ಬರೆಯುತ್ತೇನೆ ಎಂದೆ. ಅವಳು ಬೇಡವೆನ್ನಲಿಲ್ಲ. ಅಣ್ಣಿಗೇರಿಗೆ ಬಂದು ಹುಡುಕಿದೆ. ಅಚ್ಚಾದ ಮೇಲೆ ಹಸ್ತಪ್ರತಿಗಳನ್ನು ರದ್ದಿಗೆ ಹಾಕುವುದು ನಮ್ಮಲ್ಲಿ ರೂಢಿ. ಆ ರೂಢಿ ಮಾಡಿದವಳೂ ನಾನೇ, ಕೋಣೆ ಸಣ್ಣದೆಂದು. ಸುಶೀಲಾಳ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಸರ್ ಅವರ ಅಳಿಯನಿಗೆ ಹೇಳಿದೆ. ಇದ್ದದ್ದು ಇದ್ದ ಹಾಗೆ ಇರಲಿ, ತಪ್ಪು ಒಪ್ಪಿಕೊಂಡು ಬರೆದರೆ ಪ್ರೆಸ್ಸಿಗೆ ಯಾರು ಬರುತ್ತಾರೆ ಎಂದ. ಬೇರಿನ ಮಾತು ಕಲ್ಪನೆ, ಯಾರೂ ನಂಬಬಾರದು ಎಂದಾದರೂ ನಾಲ್ಕು ಸಾಲು ಹಾಕೋಣ ಎಂದು ಪಟ್ಟು ಹಿಡಿದೆ. ಹಾಕಿದ, ಕಡೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ಮತ್ತೆ ಕಲಘಟಗಿಗೆ ಹೋದೆ. ನೀನು ಬಾಯಲ್ಲಿ ಹೇಳು, ನಾನು ಒಂದಕ್ಷರ ತಪ್ಪದೆ ಬರೆದುಕೊಳ್ಳುತ್ತೇನೆ ಎಂದೆ. ಹಾಳೆ ತೆಗೆದು ಕೂತೆ. ಅವಳು ಕಣ್ಣು ಮುಚ್ಚಿ ಕೂತಳು. ಆಮೇಲೆ ಆ ಹೆಂಗಸು ತನಗೆ ಈಗ ಕಾಣುವುದಿಲ್ಲ ಎಂದಳು. ನೆನಪಿಲ್ಲವೇ ಎಂದರೆ, ನೆನಪಿದೆ, ಎಲ್ಲ ಮಾತೂ ನೆನಪಿದೆ, ಆದರೆ ಆಕೆ ಕಾಣುವುದಿಲ್ಲ, ಕಾಣದೆ ಹೇಳಿದರೆ ಅದು ನೀವು ಬರೆದ ಹಾಗೆ ಆಗುತ್ತದೆ ಎಂದಳು. ಹೊರಡುವಾಗ ಬಾಗಿಲವರೆಗೆ ಬಂದು, ಇನ್ನು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದಳು. ಮರ್ಯಾದೆಯಿಂದಲೇ ಹೇಳಿದಳು. ನಾನು ಮತ್ತೆ ಹೋಗಲಿಲ್ಲ. ಹೋಗಬೇಕಿತ್ತೋ ಏನೋ, ಅದೂ ನನಗೆ ತಿಳಿಯದು.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ನಾನು ಕಡೆಯ ಪ್ಯಾರಾ ಮುಟ್ಟುವುದನ್ನು ಬಿಟ್ಟೆ. ಬಂದದ್ದು ಬಂದ ಹಾಗೆ ಹೋಗುತ್ತಿತ್ತು. ಮೊಳೆ ಹೋಗಿ ಕಂಪ್ಯೂಟರ್ ಬಂತು, ಅಂಚೆ ಹೋಗಿ ಇ-ಮೇಲ್ ಬಂತು. ಹಾಳೆಯ ಮೇಲಿನ ಬೆರಳಚ್ಚು, ಎಣ್ಣೆಯ ಕಲೆ ಯಾವುದೂ ಉಳಿಯಲಿಲ್ಲ. ಬರೆಯುವವರೂ ಕಡಿಮೆಯಾದರು. ಕಡೆಯ ಎರಡು ವರ್ಷ ಮತ್ತೆ ಕಥೆಗಳು ರಾಶಿಯಾಗಿ ಬರತೊಡಗಿದಾಗ ನನಗೆ ಮೊದಲು ಸಂತೋಷವೇ ಆಯಿತು. ಒಂದೂ ಕಾಗುಣಿತ ತಪ್ಪಿಲ್ಲ. ನವಲಗುಂದದಿಂದ ಬರಲಿ, ಅಳ್ನಾವರದಿಂದ ಬರಲಿ, ಎಲ್ಲ ಒಂದೇ ಥರ. ಊರಿಗೆ ಸಂಕಟ ಬರುತ್ತದೆ, ಒಂದು ಜಾಣ ಮಗು ಯಂತ್ರ ಮಾಡುತ್ತದೆ, ಸಂಕಟ ಹೋಗುತ್ತದೆ, ಹೊಸ ಬೆಳಗು ಆಗುತ್ತದೆ. ಪರಿಚಯದ ಒಬ್ಬ ಮಾಸ್ತರರಿಗೆ ಫೋನ್ ಮಾಡಿ ಮಕ್ಕಳು ಇಷ್ಟು ಚೆನ್ನಾಗಿ ಹೇಗೆ ಬರೆಯುತ್ತಾರೆ ಎಂದು ಕೇಳಿದೆ. ಮಕ್ಕಳಲ್ಲ, ಫೋನೇ ಬರೆದು ಕೊಡುತ್ತದೆ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು.

ಆ ಕಥೆಗಳನ್ನು ಓದಿ ಮುಗಿಸಿದ ಕೂಡಲೇ ಮುಚ್ಚಿಬಿಡುತ್ತಿದ್ದೆ. ಅವು ಕೆಟ್ಟದಾಗಿದ್ದವೆಂದಲ್ಲ. ಆ ಕಡೆಯ ಪ್ಯಾರಾಗಳು ನಾನು ಬರೆದವುಗಳಂತೆಯೇ ಇದ್ದವು. ಅದೇ ಆರು ಸಾಲು, ಅದೇ ಬೆಳಕು. ಯಂತ್ರ ಅದನ್ನು ಎಲ್ಲಿಂದ ಕಲಿತಿದ್ದೀತು? ನನ್ನಂಥವರಿಂದಲೇ ಕಲಿತಿರಬೇಕು. ತಿದ್ದಲು ಏನೂ ಇರಲಿಲ್ಲ. ನಿಮಗೆ ವಯಸ್ಸಾಗಿದೆ, ಮನೆಯಲ್ಲಿರಿ ಎಂದು ಸರ್ ಅವರ ಅಳಿಯ ಹೇಳಿದಾಗ ಬೇಜಾರಾಗಲಿಲ್ಲ. ಆರು ತಿಂಗಳ ಮೇಲೆ ಮಾಸಿಕವೂ ನಿಂತಿತು.

ಇದಿಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲವೇನೋ. ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ‘ಮಕ್ಕಳಿಲ್ಲದವರಿಗೆ ಸಿಹಿ ಸುದ್ದಿ. ಕಲಘಟಗಿ ಅಡವಿಯಲ್ಲಿ ವಿಜ್ಞಾನಿಗೆ ಸಿಕ್ಕ ಬೇರು.’ ಕೆಳಗೆ ನನ್ನ ಸಾಲುಗಳು. ಎಲೆಯ ಆಕಾರ, ವಾಸನೆ, ಮೂರು ತಿಂಗಳ ಲೆಕ್ಕ, ಎಲ್ಲ ನಾನು ಬರೆದ ಹಾಗೆಯೇ. ಕಥೆಯ ಹೆಸರು, ಸುಶೀಲಾಳ ಹೆಸರು, ಹೆಂಗಸು, ಬಣ್ಣ, ತೊಟ್ಟಿಲು ಯಾವುದೂ ಇರಲಿಲ್ಲ. ಯಾರು ತೆಗೆದರೋ, ಯಾವಾಗ ತೆಗೆದರೋ. ಬೇರು ಮಾತ್ರ ಉಳಿದಿತ್ತು.

ಕೂಡಲೇ ಉತ್ತರ ಬರೆದೆ. ಇದು ಸುಳ್ಳು, ಇದನ್ನು ಹಿಂದೆ ನಾನೇ ಕಥೆಗಾಗಿ ಬರೆದದ್ದು, ಇಂಥ ಪುಡಿ ಕುಡಿದು ಒಬ್ಬ ಹೆಣ್ಣುಮಗಳ ಕೈ ಹೋಗಿದೆ, ಅನುಮಾನವಿದ್ದರೆ ನನಗೆ ಫೋನ್ ಮಾಡಿ ಎಂದು ನನ್ನ ನಂಬರನ್ನೂ ಹಾಕಿದೆ. ಎಲ್ಲ ಗುಂಪುಗಳಿಗೂ ಕಳಿಸಿ ಎಂದು ಕೇಳಿಕೊಂಡೆ. ಕೆಲವರು ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬಾಕೆ, ನಂಬಿಕಿ ಇರಬೇಕರಿ ಅಕ್ಕಾರ ಎಂದು ಬರೆದಳು.

ಹದಿನೈದು ದಿನದಲ್ಲಿ ಆ ಸಂದೇಶ ಇನ್ನೊಂದು ದಾರಿಯಿಂದ ತಿರುಗಿ ಬಂತು. ನಾನು ಸುಳ್ಳೆಂದು ಹೇಳಿದ ಮಾತುಗಳು ಉದುರಿದ್ದವು. ಬೇರಿನ ಸುದ್ದಿಯ ಕೆಳಗೆ, ಹೆಚ್ಚಿನ ವಿವರಕ್ಕೆ ಎಂದು ನನ್ನ ನಂಬರು ಇತ್ತು.

ಅಂದಿನಿಂದ ಫೋನ್‌ಗಳು ಬರುತ್ತಿವೆ. ನಂಬರು ಬದಲಿಸು ಎಂದು ಮಗಳು ಹೇಳುತ್ತಾಳೆ. ಬದಲಿಸಿದರೆ ಅವರು ಬೇರೆ ಯಾರನ್ನೋ ಕೇಳುತ್ತಾರೆ, ಆ ಬೇರೆಯವರು ಪುಡಿ ಕೊಡುತ್ತಾರೆ. ಅದಕ್ಕೇ ಎತ್ತುತ್ತೇನೆ. ಒಬ್ಬೊಬ್ಬರಿಗೂ ನಡೆದದ್ದನ್ನೆಲ್ಲ ಹೇಳುತ್ತೇನೆ, ಡಾಕ್ಟರರ ಹತ್ತಿರ ಹೋಗಿ ಎನ್ನುತ್ತೇನೆ. ಕೆಲವರು ಬೈದು ಇಡುತ್ತಾರೆ. ಕೆಲವರು ನಾನು ಬೇರನ್ನು ಬಚ್ಚಿಟ್ಟುಕೊಂಡಿದ್ದೇನೆ ಎನ್ನುತ್ತಾರೆ.

ಮೊನ್ನೆ ಸೋಮವಾರ ಮಧ್ಯಾಹ್ನ ಕುಂದಗೋಳದ ಕಡೆಯ ಒಬ್ಬಾಕೆ ಫೋನ್ ಮಾಡಿದ್ದಳು. ಸಣ್ಣ ದನಿ, ಇಪ್ಪತ್ತೈದರ ಒಳಗಿನವಳಿರಬೇಕು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ಬೇರು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಬೇರು ಇಲ್ಲವೇ ಇಲ್ಲ, ನಾನು ಕಲ್ಪನೆ ಮಾಡಿ ಬರೆದದ್ದು ಎಂದೆ. ಸುಶೀಲಾಳ ಕಥೆಯನ್ನು ಮೊದಲಿನಿಂದ ಹೇಳಿದೆ. ಆಕೆ ನಡುವೆ ಒಂದು ಮಾತೂ ಆಡದೆ ಕೇಳಿದಳು. ಯಾರೂ ಅಷ್ಟು ಚೆನ್ನಾಗಿ ಕೇಳಿರಲಿಲ್ಲ. ಸುಶೀಲಾ ಬಣ್ಣ ಕಲಸಿ ಕೊಡುವ ಮಾತಿಗೆ ಬಂದಾಗ ನನಗೆ ಅಳು ಬಂತು.

ನಾನು ಅಳುತ್ತಿದ್ದೇನೆಂದು ಆಕೆಗೆ ತಿಳಿಯಿತು.

“ಅಳಬ್ಯಾಡ್ರಿ ಅಕ್ಕಾರ,” ಎಂದಳು. “ನಿಮಗ ಗೊತ್ತಿಲ್ಲಂದ್ರ ಏನಾತು. ಎಲ್ಲೆರ ಇದ್ದ ಇರ್ತೈತಿ. ನಾ ಹುಡಕ್ತೀನಿ.”